ಪುಷ್ಯ ಮಳೆಯಲ್ಲಿ ಬೆಳ್ಳಗಾದ ಮಿಗ್: ಒಂದು ಪ್ರಕರಣ

ಮಾದರಿ ವಿಮಾನದ ಕೆಲಸ ಕೆಡುವುದು ಬಹುಪಾಲು ಕೊನೆಯ ಕೋಟಿನಲ್ಲಿ. ತಿಂಗಳುಗಟ್ಟಲೆ ಅಂಟಿಸಿ, ಉಜ್ಜಿ, ಬಣ್ಣ ಹೊಡೆದು, ಇನ್ನೇನು ಮುಗಿಯಿತು ಅನ್ನುವಾಗ ಮೇಲಿನ ಕ್ಲಿಯರ್, ಅಂದರೆ ಬಣ್ಣ ಕಾಯುವ ಬಣ್ಣವಿಲ್ಲದ ಪದರ, ಕೈಕೊಡುತ್ತದೆ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಇದಕ್ಕೆ ಮಳೆಯೂ ಸೇರಿಕೊಳ್ಳುತ್ತದೆ. 2025ರ ಮಳೆಗಾಲದಲ್ಲಿ ನಾನು ಹತ್ತಿರದಿಂದ ನೋಡಿದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಬಂಧಪಟ್ಟವರನ್ನು ಕೇಳಿಯೇ ಬರೆಯುತ್ತಿರುವುದು. ಹೆಸರು, ತೋಟ, ಊರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬಣ್ಣ, ಥಿನ್ನರ್, ತೇವದ ವಿಷಯ ಮಾತ್ರ ನಡೆದ ಹಾಗೇ ಇದೆ.

ಹಿನ್ನೆಲೆ

ಇವರು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರು. ಇಲ್ಲೂ ರೈಟರು ಎಂದೇ ಕರೆಯುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಬೆಳಗ್ಗೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಆಳುಗಳನ್ನು ಕೆಲಸಕ್ಕೆ ಹಚ್ಚುವುದು, ಸಂಜೆ ಲೆಕ್ಕ. ನವೆಂಬರ್‌ನಿಂದ ಫೆಬ್ರವರಿ ತನಕ ಹಣ್ಣು ಕೊಯ್ಲು. ಆಗ ತೂಕ, ಪಲ್ಪರ್, ಕಣ ಅಂತ ರಾತ್ರಿವರೆಗೂ ಬಿಡುವಿಲ್ಲ. ಮಾದರಿ ವಿಮಾನದ ಡಬ್ಬ ತೆರೆಯುವ ಮಾತೇ ಇಲ್ಲ. ಪುರಸೊತ್ತು ಸಿಗುವುದು ಮಳೆಗಾಲದ ಸಂಜೆಗಳಲ್ಲಿ. ಹವೆ ಒಣಗಿದ್ದಾಗ ಸಮಯವಿಲ್ಲ, ಸಮಯವಿದ್ದಾಗ ಹವೆ ಒಣಗಿರುವುದಿಲ್ಲ. ಈ ಪ್ರಕರಣದ ಬೇರು ಇಲ್ಲಿದೆ ಅಂತ ನನಗನಿಸುತ್ತದೆ.

ಕೈ ಪಳಗಿದ ಮನುಷ್ಯ. ಹತ್ತಾರು ವರ್ಷದಿಂದ 1/72 ಅಳತೆಯ ಪ್ಲಾಸ್ಟಿಕ್ ಮಾದರಿಗಳನ್ನು ಕಟ್ಟುತ್ತಿದ್ದಾರೆ. ಅವೆಲ್ಲ ಬ್ರಶ್ಶಿನಲ್ಲಿ ಬಣ್ಣ ಬಳಿದವು. ಈ ಸಲ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಶ್ಶು, ಒಂದು ಚಿಕ್ಕ ಕಂಪ್ರೆಸರ್ ತಂದುಕೊಂಡಿದ್ದರು. ಅಳತೆಯೂ ದೊಡ್ಡದು, 1/48. ಜೆಕ್ ದೇಶದ ಎಡುವಾರ್ಡ್ ಕಂಪನಿಯ ಮಿಗ್-21 ಬಿಸ್, ಅಂದರೆ ಮಿಗ್-21 ಯುದ್ಧವಿಮಾನದ ನಂತರದ ಒಂದು ಮಾದರಿ. ನಿಜವಾದ ವಿಮಾನದ ರೆಕ್ಕೆಯಿಂದ ರೆಕ್ಕೆಗೆ 7.15 ಮೀಟರ್. 1/48ರಲ್ಲಿ ಅದು 15 ಸೆಂಟಿಮೀಟರ್ ಆಗುತ್ತದೆ. ಉದ್ದ 30 ಸೆಂಟಿಮೀಟರ್ ಚಿಲ್ಲರೆ.

ಮಿಗ್ಗೇ ಯಾಕೆ ಅಂದರೆ, ಅವರ ಭಾವ ವಾಯುಸೇನೆಯಲ್ಲಿ ಏರ್‌ಫ್ರೇಮ್ ಫಿಟರ್, ಅಂದರೆ ವಿಮಾನದ ಮೈ ದುರಸ್ತಿ ನೋಡುವವರು, ಆಗಿದ್ದವರು. ಈಗ ನಿವೃತ್ತರಾಗಿ ಹಾಸನದಲ್ಲಿದ್ದಾರೆ. ಸರ್ವೀಸಿನ ಬಹುಭಾಗ ಮಿಗ್-21 ಬಿಸ್ ಅಡಿಯಲ್ಲೇ ಕಳೆದವರು. ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬರುತ್ತಾರೆ, ಜೊತೆಗೆ ಭಾವನೂ ಬರುತ್ತಾರೆ. ಅಕ್ಕನಿಗೆ ಬಾಗಿನ, ಭಾವನಿಗೆ ಮಿಗ್ಗು. ರೈಟರ ಲೆಕ್ಕ ಇಷ್ಟು.

ಮೊದಲ ನಿರ್ಧಾರ ಬಣ್ಣದ್ದು. ನಮ್ಮ ವಾಯುಸೇನೆಗೆ ಮಿಗ್-21 ಬಂದದ್ದು 1963ರಲ್ಲಿ. ಶುರುವಿನ ದಿನಗಳಲ್ಲಿ ಅವು ಬರೀ ಲೋಹದ ಮೈಯಲ್ಲೇ ಹಾರುತ್ತಿದ್ದವು. 1971ರ ಯುದ್ಧದ ಹೊತ್ತಿಗೆ ಎಷ್ಟೋ ವಿಮಾನಗಳಿಗೆ ಅವಸರದಲ್ಲಿ ಹಸಿರು, ಕಂದು ಬಳಿದರು. ರೈಟರಿಗೆ ಮೊದಲು ಬೆಳ್ಳಿ ಮೈಯ ಮಿಗ್ ಮಾಡುವ ಆಸೆ ಇತ್ತು. ಆದರೆ ಬರೀ ಲೋಹದ ಬಣ್ಣ ಏನನ್ನೂ ಮುಚ್ಚುವುದಿಲ್ಲ. ಹೊಳೆಯುವ ಕಪ್ಪು ಅಸ್ತರಿನ ಮೇಲೆ ಅದನ್ನು ಹೊಡೆಯಬೇಕು, ಕೆಳಗೆ ವಾಟರ್ ಪೇಪರಿನ ಒಂದು ಗೀರು ಉಳಿದಿದ್ದರೂ ಎದ್ದು ಕಾಣುತ್ತದೆ. ಅದೂ ಅಲ್ಲದೆ ಬೆಳ್ಳಿ ಮೈ ಹಳೆಯ ಮಾದರಿಗಳದ್ದು, ಭಾವ ಕೈಯಾಡಿಸಿದ್ದು ಬಿಸ್ ಮೇಲೆ. ಹಾಗಾಗಿ ಮೇಲೆ ಹಸಿರು-ಕಂದು ಪಟ್ಟೆ, ಅಡಿಯಲ್ಲಿ ತಿಳಿ ಬೂದು ಅಂತ ತೀರ್ಮಾನವಾಯಿತು. ಒಳ್ಳೆಯ ತೀರ್ಮಾನವೇ. ಕಡು ಹಸಿರಿನ ಮೇಲೆ ಬಿಳಿ ಮಬ್ಬು ಎಷ್ಟು ಕಣ್ಣಿಗೆ ಹೊಡೆಯುತ್ತದೆ ಅಂತ ಆಗ ಯಾರೂ ಯೋಚಿಸಲಿಲ್ಲ, ಅಷ್ಟೇ.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಚೆನ್ನಾಗಿಯೇ ಆಯಿತು. ಮಿಗ್-21ರ ಕಾಕ್‌ಪಿಟ್ಟಿನೊಳಗಿನ ಆ ರಷ್ಯನ್ ಹಸಿರು-ನೀಲಿ ಬಣ್ಣವನ್ನು ರೈಟರು ಬೆರೆಸಿಯೇ ತಂದುಕೊಂಡರು. ಬಾಲದ ಕಡೆ ಕುಕ್ಕರಿಸದಿರಲಿ ಅಂತ ಮೂಗಿನೊಳಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿದರು. ಮೂಗಿನ ಮುಂದೆ ಚಾಚಿಕೊಂಡಿರುವ, ಹಾರುವ ವೇಗ ಅಳೆಯುವ ಪಿಟೋ ಕಡ್ಡಿ ಪ್ಲಾಸ್ಟಿಕ್ಕಿನದಾದರೆ ಮುಟ್ಟಿದ್ದಕ್ಕೆಲ್ಲ ಮುರಿಯುತ್ತದೆ. ಅದರ ಜಾಗಕ್ಕೆ ಮೆಡಿಕಲ್ ಶಾಪಿನಿಂದ ತಂದ ಎರಡು ಅಳತೆಯ ಸಿರಿಂಜ್ ಸೂಜಿಗಳನ್ನು ಒಂದರೊಳಗೊಂದು ತೂರಿಸಿ ಕೂರಿಸಿದ್ದರು. ಫೋಟೋದಲ್ಲಿ ನೋಡಿ ನಾನೂ ಅದನ್ನೇ ಮಾಡಿಕೊಂಡೆ.

ಹಸಿರು-ಕಂದು ಮೇ ತಿಂಗಳಲ್ಲೇ ಮುಗಿಯಿತು. ಅದರ ಮೇಲೆ ಡೆಕಲ್, ಅಂದರೆ ವಾಯುಸೇನೆಯ ವೃತ್ತ, ನಂಬರುಗಳಿರುವ ತೆಳ್ಳನೆಯ ಅಂಟುಚಿತ್ರ, ಕೂರಲು ಒಂದು ಗ್ಲಾಸ್ ಕೋಟು, ಅಂದರೆ ಹೊಳಪಿನ ಕ್ಲಿಯರ್ ಪದರ ಬೇಕು. ಅದನ್ನು ಹೊಡೆಯುವ ಹೊತ್ತಿಗೆ ಮಳೆ ಶುರುವಾಗಿತ್ತು. ಕಂಪ್ರೆಸರ್ ಒತ್ತುವ ಗಾಳಿಯಲ್ಲಿರುವ ನೀರು ಪೈಪಿನೊಳಗೆ ಹನಿಗಟ್ಟುತ್ತದೆ. ಅದನ್ನು ಹಿಡಿಯುವ ಟ್ರ್ಯಾಪ್ ಇರಲಿಲ್ಲ. ಏರ್‌ಬ್ರಶ್ ಒಂದೆರಡು ಸಲ ನೀರು ಉಗುಳಿತು. ಹೆದರಿ ಗ್ಲಾಸ್ ಕೋಟನ್ನು ತೆಳ್ಳಗೆ, ದೂರದಿಂದ ಹೊಡೆದು ಮುಗಿಸಿದರು. ಮುಂದೆ ಇದರ ಫಲ ಸಿಕ್ಕಿತು.

ಬಿಳಿ

ಡೆಕಲ್ ಹಚ್ಚಿ, ತಗಡುಗಳ ಸಂದಿನ ಗೆರೆಗಳಿಗೆ ಕಡು ಬಣ್ಣದ ವಾಶ್ (ಗೆರೆಯೊಳಗೆ ಇಳಿಯುವ ನೀರಾದ ಬಣ್ಣ) ಕೊಟ್ಟು ಮುಗಿಸುವಾಗ ಜುಲೈ ಅರ್ಧ ಕಳೆದಿತ್ತು. ಅದೇ ಹೊತ್ತಿಗೆ ಮಿಗ್-21 ಸೆಪ್ಟೆಂಬರ್‌ನಲ್ಲಿ ಸೇವೆಯಿಂದ ಪೂರ್ತಿ ನಿವೃತ್ತಿಯಾಗುತ್ತದೆ ಅನ್ನುವ ಸುದ್ದಿ ಬಂತು. ಗೌರಿ ಹಬ್ಬ ಆಗಸ್ಟ್ 26ಕ್ಕೆ. ಈಗಲೇ ಕೊಟ್ಟರೆ ಎಷ್ಟು ಚೆನ್ನ ಅಂತ ರೈಟರಿಗೆ ಅನಿಸಿದ್ದು ಸಹಜ. ಅವಸರ ಹತ್ತಿತು.

ಉಳಿದದ್ದು ಹೊಳಪು ತೆಗೆಯುವ ಮ್ಯಾಟ್ ಕ್ಲಿಯರ್ ಮಾತ್ರ. ಏರ್‌ಬ್ರಶ್ ನೀರು ಉಗುಳುತ್ತದಲ್ಲ, ಅದಕ್ಕೇ ಸ್ಪ್ರೇ ಕ್ಯಾನಿನ ಮ್ಯಾಟ್ ಲ್ಯಾಕರ್ ತರಿಸಿದರು. ಒಂದು ಮಧ್ಯಾಹ್ನ ಮಳೆ ಹೊಳವಾಗಿತ್ತು. ವಿಮಾನ ಬೋರಲು ಹಾಕಿ ಅಡಿಭಾಗಕ್ಕೆ ಹೊಡೆದರು, ಬಿಡಿಯಾಗಿದ್ದ ಡ್ರಾಪ್ ಟ್ಯಾಂಕಿಗೂ (ವಿಮಾನದಡಿ ತೂಗುವ ಹೆಚ್ಚುವರಿ ಇಂಧನದ ಟ್ಯಾಂಕು) ಹೊಡೆದರು. ಚೆನ್ನಾಗಿ ಬಂತು. ಅಂದೇ ರಾತ್ರಿ ಊಟವಾದ ಮೇಲೆ, ಮುಗಿಸಿಯೇಬಿಡೋಣ ಅಂತ ಜಗಲಿಯಲ್ಲಿ ನಿಂತು ಮೇಲ್ಭಾಗಕ್ಕೆ ಹೊಡೆದರು. ಹೊರಗೆ ಪುಷ್ಯ ಮಳೆ ಮತ್ತೆ ಹಿಡಿದುಕೊಂಡಿತ್ತು.

ಬೆಳಗ್ಗೆ ನೋಡಿದರೆ ರೆಕ್ಕೆ, ಬೆನ್ನು, ಬಾಲ ಎಲ್ಲ ಬಿಳಿ. ಹಸಿರು ಇದೆ, ಆದರೆ ಅದರ ಮೇಲೆ ಹಾಲು ಕದಡಿದ ಹಾಗೆ. ವೃತ್ತಗಳ ಸುತ್ತ ಬೆಳ್ಳಿ ಅಂಚು.

ಏನೇನು ಮಾಡಿದರು

ಡೆಕಲ್ ಸುತ್ತ ಬೆಳ್ಳಿ ಬಣ್ಣ ಬರುವುದು ರೈಟರಿಗೆ ಗೊತ್ತಿದ್ದ ಸಂಗತಿ. ಡೆಕಲಿನ ಅಡಿ ಗಾಳಿ ಸಿಕ್ಕಿಕೊಂಡರೆ ಹಾಗಾಗುತ್ತದೆ. ತರಿತರಿ ಮೈ ಮೇಲೆ ಡೆಕಲ್ ಪೂರ್ತಿ ಅಂಟುವುದಿಲ್ಲ. ಹಾಗಾದರೆ ಇಡೀ ಬಿಳಿ ಅದೇ ಇರಬೇಕು ಅಂದುಕೊಂಡು ಡೆಕಲ್ ಮೆತ್ತಗೆ ಮಾಡುವ ದ್ರಾವಣವನ್ನು ಬ್ರಶ್ಶಿನಲ್ಲಿ ಧಾರಾಳವಾಗಿ ಬಳಿದರು. ಅದು ಡೆಕಲ್ ತನಕ ಇಳಿಯಲೇ ಇಲ್ಲ, ಮೇಲೆ ಆಗಲೇ ಲ್ಯಾಕರ್ ಮುಚ್ಚಿತ್ತಲ್ಲ. ಒಣಗಿದ ಮೇಲೆ ರೆಕ್ಕೆಯಲ್ಲಿ ಉಂಗುರದಂಥ ಕಲೆಗಳು ಉಳಿದವು.

ಆಮೇಲೆ ಅದೇ ಕ್ಯಾನಿನಿಂದ ಇನ್ನೊಂದು ಕೋಟು. ಬಿಳಿ ಮುಚ್ಚಿಹೋಗುತ್ತದೆ ಅನ್ನುವ ಆಸೆ. ಅವತ್ತು ಮಳೆ ಇನ್ನೂ ಜೋರು. ಮಬ್ಬಿನ ಮೇಲೆ ಮಬ್ಬು ಕೂತಿತು.

ಮೂರನೆಯದು ಮಗಳ ಹೇರ್ ಡ್ರೈಯರ್. ಬಲ ರೆಕ್ಕೆಯ ಬುಡಕ್ಕೆ ದೂರದಿಂದ ಬಿಸಿ ಗಾಳಿ ಹಿಡಿದಾಗ ಅಷ್ಟು ಜಾಗದಲ್ಲಿ ಮಬ್ಬು ಸ್ವಲ್ಪ ಇಳಿದ ಹಾಗೆ ಕಂಡಿತು. ಪ್ಲಾಸ್ಟಿಕ್ ಬಾಗೀತು ಅಂತ ಅಲ್ಲಿಗೇ ನಿಲ್ಲಿಸಿದರು. ನಿಲ್ಲಿಸಿದ್ದು ಸರಿ. ಆದರೆ ಬಿಸಿಗೆ ಇಳಿಯುವ ಬಿಳಿ ಅಂದರೆ ಏನು ಅಂತ ಯಾರೂ ಕೇಳಿಕೊಳ್ಳಲಿಲ್ಲ.

ಕೇಳಿದ್ದು ಪಿಯುಸಿ ಓದುತ್ತಿದ್ದ ಮಗಳು. ಮೇಜಿನ ಮೂಲೆಯಲ್ಲಿದ್ದ ಡ್ರಾಪ್ ಟ್ಯಾಂಕ್ ಎತ್ತಿಕೊಂಡು ನೋಡಿ, "ಅಪ್ಪ, ಈ ಟ್ಯಾಂಕಿಗೂ ಅದೇ ಹಸಿರು ಹೊಡೆದಿದ್ದು ಅಲ್ವಾ? ಇದ್ಯಾಕೆ ಬೆಳ್ಳಗಾಗಿಲ್ಲ?" ಅಂದಳಂತೆ.

ಇದು ಮೊದಲ ತಿರುವು. ಬಣ್ಣ ಒಂದೇ, ಕ್ಯಾನ್ ಒಂದೇ, ಕೈ ಒಂದೇ, ದಿನವೂ ಒಂದೇ. ಬೇರೆ ಇದ್ದದ್ದು ಹೊತ್ತು ಮಾತ್ರ, ಅಂದರೆ ಹವೆ. ಅಡಿಭಾಗ ಚೆನ್ನಾಗಿದೆ ಅನ್ನುವುದನ್ನು ಸಾಕ್ಷಿ ಅಂತ ಹಿಡಿಯಲಾಗದು. ತಿಳಿ ಬೂದು ಬಣ್ಣದಲ್ಲಿ ಬಿಳಿ ಕಾಣುವುದೇ ಇಲ್ಲ. ಹಸಿರು ಟ್ಯಾಂಕ್ ಅಲ್ಲಿ ಇರದಿದ್ದರೆ ಅವರು ಇನ್ನೂ ಎಷ್ಟು ದಿನ ಡೆಕಲನ್ನೇ ಬೈಯುತ್ತಿದ್ದರೋ.

ರೈಟರು ನನಗೆ ಫೋನ್ ಮಾಡಿದ್ದು ಆಮೇಲೆ. ಒಂದು ಭಾನುವಾರ ಹಾಸನದಿಂದ ಹೋದೆ. ಭೂತಗನ್ನಡಿ, ಒಂದು ಟಾರ್ಚು ತೆಗೆದುಕೊಂಡು ಹೋಗಿದ್ದೆ.

ಅಲ್ಲಿ ಮಾಡಿದ ಪರೀಕ್ಷೆ ಸುಲಭದ್ದು, ಯಾರು ಬೇಕಾದರೂ ಮಾಡಬಹುದು. ಮೃದುವಾದ ಬ್ರಶ್ ತೆಗೆದುಕೊಂಡು ಬಿಳಿಯಾದ ಜಾಗಕ್ಕೆ ಒಂದು ಹನಿ ನೀರು ಸವರಬೇಕು. ಬಾಲದ ರೆಕ್ಕೆಗೆ ಸವರಿದಾಗ ಬಿಳಿ ಮಾಯವಾಗಿ ಹಸಿರು ಎದ್ದು ಬಂತು. ನೀರು ಆರುತ್ತಿದ್ದ ಹಾಗೆ ಮತ್ತೆ ಬಿಳಿ. ಒಣಗಿದ ಕಡಪ ಕಲ್ಲಿನ ಮೇಲೆ ನೀರು ಬಿದ್ದರೆ ಬಣ್ಣ ಗಾಢವಾಗುತ್ತದಲ್ಲ, ಅದೇ ಲೆಕ್ಕ. ಮೇಲ್ಮೈಯ ತರಿಯಲ್ಲಿ ಬೆಳಕು ಚದುರಿ ಬಿಳಿ ಕಾಣುತ್ತದೆ, ನೀರು ತುಂಬಿದರೆ ಚದುರುವುದಿಲ್ಲ. ಬಾಲಕ್ಕೆ ಕ್ಯಾನನ್ನು ತುಂಬ ದೂರದಿಂದ ಹಿಡಿದು ಹೊಡೆದಿದ್ದರು. ಲ್ಯಾಕರ್ ಗಾಳಿಯಲ್ಲೇ ಅರ್ಧ ಒಣಗಿ ಪುಡಿಯಾಗಿ ಬಂದು ಕೂತಿತ್ತು.

ರೆಕ್ಕೆಯ ಮೇಲೆ ಅದೇ ಹನಿ ಹಾಕಿದರೆ ಏನೂ ಆಗಲಿಲ್ಲ. ಬಿಳಿ ಬಿಳಿಯೇ. ಅಂದರೆ ಮಬ್ಬು ಮೈಮೇಲಿಲ್ಲ, ಲ್ಯಾಕರ್ ಪದರದೊಳಗೆ ಇದೆ. ವೃತ್ತಗಳ ಹತ್ತಿರವೂ ನೀರಿಗೆ ಬದಲಾಗಲಿಲ್ಲ. ಆದರೆ ಟಾರ್ಚನ್ನು ಓರೆಯಾಗಿ ಹಿಡಿದು ಮಾದರಿಯನ್ನು ತಿರುಗಿಸಿದರೆ ಅಲ್ಲಿನ ಬಿಳಿ ಮಿಣುಕುತ್ತಿತ್ತು, ಒಂದು ಕೋನದಲ್ಲಿ ಬೆಳ್ಳಿ, ಇನ್ನೊಂದರಲ್ಲಿ ಇಲ್ಲ. ಡೆಕಲಿನ ಅಂಚಿಗೆ ಸರಿಯಾಗಿ ಅದು ನಿಲ್ಲುತ್ತಿತ್ತು. ಇದು ಅಡಿಯಲ್ಲಿ ಸಿಕ್ಕ ಗಾಳಿ. ಆ ತೆಳ್ಳನೆಯ ಗ್ಲಾಸ್ ಕೋಟಿನ ಫಲ.

ಒಂದೇ ವಿಮಾನದ ಮೇಲೆ ಮೂರು ಥರದ ಬಿಳಿ. ಮೂರಕ್ಕೂ ಮದ್ದು ಬೇರೆ. ರೈಟರು ಮೂರನ್ನೂ ಒಂದು ಅಂದುಕೊಂಡು ಒಂದರ ಮದ್ದನ್ನು ಉಳಿದೆರಡಕ್ಕೂ ಕೊಟ್ಟಿದ್ದರು.

ಹವೆಯ ಲೆಕ್ಕ

ರೆಕ್ಕೆಯ ಮಬ್ಬು ಯಾಕಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯವರಿಗೆ ಇದು ಪ್ರತಿ ವರ್ಷದ ಪಾಡು.

ಲ್ಯಾಕರಿನ ಥಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಮೈಯ ಶಾಖ ಎಳೆದುಕೊಳ್ಳುತ್ತದೆ, ಮೈ ತಣ್ಣಗಾಗುತ್ತದೆ. ಸ್ಪ್ರೇ ಕ್ಯಾನಿನಿಂದ ಬರುವುದಂತೂ ಮೊದಲೇ ತಣ್ಣಗಿರುತ್ತದೆ. ಹೀಗೆ ತಣ್ಣಗಾದ ಮೈ ಇಬ್ಬನಿ ಬೀಳುವ ಮಟ್ಟಕ್ಕಿಂತ ಕೆಳಗೆ ಹೋದರೆ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಲ್ಯಾಕರ್ ಇನ್ನೂ ಹಸಿ, ನೀರು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಒಣಗಿದಾಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊಳ್ಳುಗಳು ಉಳಿಯುತ್ತವೆ. ಅದೇ ಹಾಲಿನ ಮಬ್ಬು.

ಕೋಣೆ 22 ಡಿಗ್ರಿ ಇದ್ದು, ಗಾಳಿಯ ತೇವ ಶೇಕಡಾ 90 ಇದ್ದರೆ ಇಬ್ಬನಿ ಬೀಳುವುದು 20 ಡಿಗ್ರಿಯ ಆಸುಪಾಸಿನಲ್ಲಿ. ಅಂದರೆ ಮೈ ಎರಡು ಡಿಗ್ರಿ ತಣ್ಣಗಾದರೆ ಸಾಕು, ಕೆಲಸ ಕೆಟ್ಟಿತು. ಅದೇ 22 ಡಿಗ್ರಿಯಲ್ಲಿ ತೇವ ಶೇಕಡಾ 60 ಇದ್ದರೆ ಆ ಮಟ್ಟ 14 ಡಿಗ್ರಿಯ ಹತ್ತಿರ ಇರುತ್ತದೆ. ಎಂಟು ಡಿಗ್ರಿಯ ಅಂತರ, ಆರಾಮಾಗಿ ಹೊಡೆಯಬಹುದು. ಜಗಲಿಯಲ್ಲಿ, ರಾತ್ರಿ, ಮಳೆ ಸುರಿಯುವಾಗ ಯಾವ ಲೆಕ್ಕ ಇದ್ದಿರಬಹುದು ಅಂತ ನೀವೇ ಊಹಿಸಿ.

ನನಗೆ ಸೋಜಿಗ ಅನಿಸಿದ್ದು ಬೇರೆ. ಈ ಮನುಷ್ಯ ಕಣದಲ್ಲಿ ಒಣಹಾಕಿದ ಚೆರ್ರಿಯನ್ನು ಮುಷ್ಟಿಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಕಾಳಿನ ಸದ್ದು ಕೇಳಿಯೇ "ಇನ್ನೊಂದು ಬಿಸಿಲು ಬೇಕು" ಅನ್ನುವವರು. ಕ್ಯೂರಿಂಗ್‌ಗೆ ಕಳಿಸುವ ಮುಂಚೆ ತೇವ ಶೇಕಡಾ 10, 11ಕ್ಕೆ ಬಂದಿದೆಯಾ ಅಂತ ಮೀಟರಿನಲ್ಲಿ ನೋಡುವುದು ಅವರ ವರ್ಷದ ಕೆಲಸ. ಕೋಣೆಯ ತೇವ ಅಳೆಯುವ ಪುಟ್ಟ ಮೀಟರು ಮಾತ್ರ ಅವರ ಮೇಜಿನ ಮೇಲೆ ಇರಲಿಲ್ಲ. ಈಗ ಇದೆ.

ಕಿತ್ತುಹಾಕುವುದಾ, ಉಳಿಸುವುದಾ

ಅಲ್ಲಿಗೆ ಆಗಸ್ಟ್ ಬಂದಿತ್ತು. ಮುಂದೆ ಎರಡು ದಾರಿ. ಎಲ್ಲವನ್ನೂ ಕರಗಿಸಿ ಪ್ಲಾಸ್ಟಿಕ್ ಮೈಗೆ ತಂದು ಮೊದಲಿನಿಂದ ಶುರು ಮಾಡುವುದು ಒಂದು. ಇದ್ದದ್ದನ್ನು ಸರಿಮಾಡುವುದು ಇನ್ನೊಂದು. ಕಿತ್ತರೆ ಡೆಕಲ್ ಹೋಗುತ್ತದೆ. ನಮ್ಮ ವಾಯುಸೇನೆಯ ಗುರುತುಗಳ ಆ ಹಾಳೆ ಅವರ ಹತ್ತಿರ ಇದ್ದದ್ದು ಒಂದೇ. ರೈಟರಿಗೆ ಕಿತ್ತುಹಾಕುವ ಮನಸ್ಸಾಗಿತ್ತು, ಸಿಟ್ಟಿನಲ್ಲಿ. ನಾನು ಬೇಡ ಅಂದೆ. ಸರಿಮಾಡಲು ಹೋಗಿ ಕೆಟ್ಟರೆ ಆಮೇಲೂ ಕೀಳಬಹುದು, ಕಿತ್ತ ಮೇಲೆ ಸರಿಮಾಡುವ ದಾರಿ ಇರುವುದಿಲ್ಲ.

ಎರಡನೆಯ ತಿರುವು ಚಿಕ್ಕಮಗಳೂರಿನ ಒಂದು ಗ್ಯಾರೇಜಿನಲ್ಲಿ ಸಿಕ್ಕಿತು. ತೋಟದ ಜೀಪನ್ನು ಡೆಂಟಿಂಗ್‌ಗೆ ಬಿಟ್ಟಿದ್ದರು. ರೈಟರು ಅಲ್ಲಿನ ಪೇಂಟರ್‌ಗೆ ಮೊಬೈಲಿನಲ್ಲಿ ರೆಕ್ಕೆಯ ಫೋಟೋ ತೋರಿಸಿದರಂತೆ. ಆತ ಒಂದು ಕ್ಷಣ ನೋಡಿ, "ಮಳೇಲಿ ಹೊಡೆದಿದ್ದೀರಾ ಸಾರ್? ಮಬ್ಬು ಹಿಡಿದಿದೆ. ರಿಟಾರ್ಡರ್ ಹಾಕಿ ತೆಳ್ಳಗೆ ಒಂದು ಕೈ ಬಿಡಿ, ಎದ್ದು ಹೋಗುತ್ತೆ" ಅಂದ. ಗಾಡಿಗೆ ಬಣ್ಣ ಹೊಡೆಯುವವರಿಗೆ, ಮರದ ಸಾಮಾನಿಗೆ ಪಾಲಿಶ್ ಮಾಡುವವರಿಗೆ ಇದು ದಿನದ ಮಾತು. ನಾವು ಹವ್ಯಾಸಿಗಳು ವಿದೇಶದ ವಿಡಿಯೋ ನೋಡುತ್ತೇವೆ, ನಮ್ಮೂರ ಗ್ಯಾರೇಜಿಗೆ ಹೋಗಿ ಕೇಳುವುದಿಲ್ಲ.

ರಿಟಾರ್ಡರ್ ಅಂದರೆ ನಿಧಾನಕ್ಕೆ ಆರುವ ಥಿನ್ನರ್. ಮಬ್ಬಾದ ಲ್ಯಾಕರಿನ ಮೇಲೆ ಮಂಜಿನ ಹಾಗೆ ತೆಳ್ಳಗೆ ಬಿಟ್ಟರೆ ಪದರ ಮತ್ತೆ ಮೆತ್ತಗಾಗುತ್ತದೆ, ಪೊಳ್ಳುಗಳು ಮುಚ್ಚಿಕೊಳ್ಳುತ್ತವೆ. ನಿಧಾನಕ್ಕೆ ಆರುವುದರಿಂದ ಮೈ ಜಾಸ್ತಿ ತಣ್ಣಗಾಗುವುದಿಲ್ಲ. ಅಪಾಯವೂ ಇದೆ. ಗ್ಯಾರೇಜಿನ ಥಿನ್ನರ್ ಕಬ್ಬಿಣದ ಬಾಡಿಗೆ ಮಾಡಿದ್ದು. ಪ್ಲಾಸ್ಟಿಕ್ಕನ್ನೂ ಡೆಕಲನ್ನೂ ತಿಂದುಬಿಡಬಹುದು.

ಆದ್ದರಿಂದ ಚಮಚಗಳು ಬಂದವು. ಐಸ್‌ಕ್ರೀಮಿನ ಪ್ಲಾಸ್ಟಿಕ್ ಚಮಚಗಳಿಗೆ ವಿಮಾನಕ್ಕೆ ಹೊಡೆದ ಕ್ರಮದಲ್ಲೇ ಎಲ್ಲ ಪದರ ಹೊಡೆದು, ಹಾಳೆಯಲ್ಲಿ ಉಳಿದಿದ್ದ ಬೇಡದ ನಂಬರುಗಳನ್ನು ಅಂಟಿಸಿ, ಬೇಕಂತಲೇ ಮಳೆ ರಾತ್ರಿ ಜಗಲಿಯಲ್ಲಿ ಮ್ಯಾಟ್ ಹೊಡೆದು ಮಬ್ಬು ಹಿಡಿಸಿದರು. ಮಬ್ಬು ಬರಿಸುವುದರಲ್ಲಿ ಅಷ್ಟೊತ್ತಿಗೆ ಅವರು ನಿಪುಣರಾಗಿದ್ದರು ಬಿಡಿ. ಆಮೇಲೆ ಒಂದೊಂದು ಚಮಚಕ್ಕೆ ಒಂದೊಂದು ಥರ ರಿಟಾರ್ಡರ್ ಕೊಟ್ಟರು. ಒದ್ದೆಯಾಗುವಷ್ಟು ಹೊಡೆದದ್ದರಲ್ಲಿ ಡೆಕಲ್ ಸುಕ್ಕುಗಟ್ಟಿತು. ಬರೀ ಆವಿಯಷ್ಟು ಬಿಟ್ಟು, ಆರಲು ಬಿಟ್ಟು, ಮತ್ತೆ ಬಿಟ್ಟದ್ದರಲ್ಲಿ ಮಬ್ಬು ಹೋಯಿತು, ಡೆಕಲ್ ಉಳಿಯಿತು. ಮ್ಯಾಟ್ ಹೋಗಿ ಸ್ವಲ್ಪ ಹೊಳಪು ಬಂತು. ಅದಕ್ಕೇನು, ಮ್ಯಾಟನ್ನು ಕೊನೆಗೆ ಮತ್ತೆ ಹೊಡೆಯಲೇಬೇಕಿತ್ತು.

ಹವೆಗೆ ಉಪಾಯ ಹೀಗೆ ಮಾಡಿದರು. ಮನೆಯ ಉಗ್ರಾಣದ ಕೋಣೆ ಚಿಕ್ಕದು. ಅಲ್ಲಿ ಎಣ್ಣೆ ತುಂಬಿದ ಹೀಟರ್ ಇಟ್ಟು 30 ಡಿಗ್ರಿಗೆ ಬಿಸಿ ಮಾಡಿದರು. 22 ಡಿಗ್ರಿಯಲ್ಲಿ ಶೇಕಡಾ 90 ತೇವ ಇರುವ ಗಾಳಿಯನ್ನೇ 30ಕ್ಕೆ ಬಿಸಿ ಮಾಡಿದರೆ ಮೀಟರು ಶೇಕಡಾ 56ರ ಹತ್ತಿರ ತೋರಿಸುತ್ತದೆ. ನೀರು ಅಷ್ಟೇ ಇರುತ್ತದೆ, ಇಬ್ಬನಿ ಬೀಳುವ ಮಟ್ಟವೂ ಬದಲಾಗುವುದಿಲ್ಲ. ಆದರೆ ಮೈ ಅದಕ್ಕಿಂತ ಹತ್ತು ಡಿಗ್ರಿ ಮೇಲಿರುತ್ತದೆ. ಹೊಡೆಯುವ ಮುಂಚೆ ಹೀಟರ್ ಆರಿಸಿ, ಪ್ಲಗ್ ಕಿತ್ತು, ಅದನ್ನು ಕೋಣೆಯಿಂದ ಹೊರಗಿಡಬೇಕು. ಥಿನ್ನರ್ ಆವಿಗೆ ಒಂದು ಕಿಡಿ ಸಾಕು. ಕೆಂಪಗೆ ಕಾಯುವ ಕಾಯಿಲ್ ಹೀಟರನ್ನಂತೂ ಆ ಕೋಣೆಗೆ ತರಲೇಬಾರದು. ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಬಟ್ಟೆ ಕಟ್ಟಿಕೊಂಡರೆ ಆಗದು. ಕಂಪ್ರೆಸರಿಗೆ ನೀರಿನ ಟ್ರ್ಯಾಪ್ ಆಗಲೇ ಬಂದಿತ್ತು.

ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ ಮಾದರಿಯನ್ನು ಒಂದು ಹಳೆಯ ಕಬ್ಬಿಣದ ಟ್ರಂಕಿನಲ್ಲಿ ಇಟ್ಟು, ಮೂಲೆಯಲ್ಲಿ 40 ವ್ಯಾಟಿನ ಬಲ್ಬ್ ಉರಿಸಿ, ಮುಚ್ಚಳ ಒಂದು ಬೆರಳಷ್ಟು ತೆರೆದಿಟ್ಟರು. ಒಳಗೆ 40 ಡಿಗ್ರಿ ದಾಟದ ಹಾಗೆ ನೋಡಿಕೊಂಡರು. ಕರೆಂಟ್ ಹೋದಾಗೆಲ್ಲ ಮುಚ್ಚಳ ಪೂರ್ತಿ ಮುಚ್ಚುವುದು ಮಗಳ ಪಾಲಿಗೆ ಬಂತು.

ಗೌರಿ ಹಬ್ಬ

ರೆಕ್ಕೆಯ ಮಬ್ಬು ಹಬ್ಬಕ್ಕೆ ಮುಂಚೆಯೇ ಬಿಟ್ಟಿತು. ಬಾಲಕ್ಕೆ ಒಂದು ಗ್ಲಾಸ್ ಕೋಟು ಬಿದ್ದದ್ದೇ ಹಸಿರು ವಾಪಸ್ ಬಂತು. ರೆಕ್ಕೆಯ ಮೇಲಿನ ಉಂಗುರದ ಕಲೆಗಳೂ ಮಾಸಿದವು. ಉಳಿದದ್ದು ಡೆಕಲಿನ ಬೆಳ್ಳಿ. ಹಟ ಹಿಡಿದು ಕೂತರೆ ಒಂದು ಮ್ಯಾಟ್ ಹೊಡೆದು ಹಬ್ಬದ ದಿನ ಕೈಗೆ ಕೊಡಬಹುದಿತ್ತು. ರೈಟರು ಕೊಡಲಿಲ್ಲ. ಅರ್ಧ ಆಗಿದ್ದನ್ನು ಹಾಗೇ ತೋರಿಸುತ್ತೇನೆ, ಮಳೆ ಹೋದ ಮೇಲೆ ಮುಗಿಸುತ್ತೇನೆ ಅಂದರು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ನಿರ್ಧಾರ ಇದು.

ಹಬ್ಬದ ದಿನ ನಾನಿರಲಿಲ್ಲ, ಕೇಳಿದ್ದನ್ನು ಬರೆಯುತ್ತೇನೆ. ಭಾವ ಕನ್ನಡಕ ಹಾಕಿಕೊಂಡು, ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಸುಮ್ಮನೆ ಸುತ್ತ ತಿರುಗಿಸಿ ನೋಡಿದರು. ಬೆಳ್ಳಿ ಅಂಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಏನಯ್ಯಾ, ನಮ್ಮ ಏರ್‌ಕ್ರಾಫ್ಟ್ ಇಷ್ಟು ಗಲೀಜು ಇರ್ತಿತ್ತಾ?"

"ಅದು ಪ್ಯಾನೆಲ್ ಲೈನ್ ಭಾವ. ಎದ್ದು ಕಾಣ್ಲಿ ಅಂತ ವಾಶ್ ಕೊಟ್ಟಿದ್ದೀನಿ."

"ಕಾಣೋದೇ ಇಲ್ಲ ಅದು. ಹತ್ತು ಹೆಜ್ಜೆ ಹಿಂದೆ ನಿಂತ್ರೆ ಎಲ್ಲಿ ಕಾಣುತ್ತೆ? ಇಷ್ಟು ಕಪ್ಪಗೆ ಬಿಟ್ಟಿದ್ರೆ ನಮ್ಮನ್ನ ಸುಮ್ನೆ ಬಿಡ್ತಿದ್ರಾ?"

ಲೆಕ್ಕ ಹಾಕಿ ನೋಡಿ. 1/48ರ ಮಾದರಿಯಲ್ಲಿ 0.2 ಮಿಲಿಮೀಟರ್ ಅಗಲದ ಗೆರೆ ನಿಜವಾದ ವಿಮಾನದ ಮೇಲೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಆಗುತ್ತದೆ. ಅಷ್ಟು ಅಗಲದ ಸಂದನ್ನು ಯಾವ ಫಿಟರ್ ಬಿಡುತ್ತಾನೆ? ಅದಕ್ಕೆ ಕಪ್ಪು ತುಂಬಿದರೆ ಫೋಟೋಕ್ಕೆ ಚೆಂದ, ನಿಜಕ್ಕೆ ದೂರ. ನಾವೆಲ್ಲ ಒಬ್ಬರ ಮಾದರಿ ನೋಡಿ ಇನ್ನೊಬ್ಬರು ಮಾಡುತ್ತಾ ಹೋಗಿ ಎಲ್ಲ ವಿಮಾನಗಳಿಗೂ ಕಪ್ಪು ಗೆರೆ ಬಂದುಬಿಟ್ಟಿದೆ. ವಿಮಾನದ ಅಡಿ ಮಲಗಿ ಕೆಲಸ ಮಾಡಿದವರು ನೋಡಿದರೆ ನಗುತ್ತಾರೆ.

ಭಾವ ಇನ್ನೂ ಕೆಲವು ಹೇಳಿದರು. ಸವೆತ ತೋರಿಸಲೇಬೇಕು ಅಂದರೆ ರೆಕ್ಕೆಯ ಬುಡದಲ್ಲಿ ತೋರಿಸು, ನಾವು ನಿಂತು ಕೆಲಸ ಮಾಡುವುದು ಅಲ್ಲಿ. ಬೆನ್ನಿನ ಮೇಲೆ ಬಿಸಿಲಿಗೆ ಬಣ್ಣ ಮಾಸುತ್ತದೆ, ರೆಕ್ಕೆಯಡಿ ಮಾಸುವುದಿಲ್ಲ. ಕ್ಯಾನೊಪಿ (ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ) ತೆರೆದು ನಿಲ್ಲಿಸಿದ್ದೀಯಲ್ಲ, ಹಾಗೆ ನಿಂತ ವಿಮಾನದ ಪಿಟೋಗೆ ಕವರ್ ಹಾಕಿ ಕೆಂಪು ಪಟ್ಟಿ ಇಳಿಬಿಟ್ಟಿರುತ್ತೇವೆ, ಅದೆಲ್ಲಿ? ಕ್ಯಾನೊಪಿಯನ್ನು ಬಲಗಡೆಗೆ ತೆರೆದಿದ್ದಕ್ಕೆ ಮಾತ್ರ ತಲೆದೂಗಿದರು. ಹಳೆಯ ಎಫ್‌ಎಲ್ ಮಾದರಿಯ ಮಿಗ್-21ಗಳಲ್ಲಿ ಅದು ಮುಂದಕ್ಕೆ ಏಳುತ್ತಿತ್ತು, ಬಿಸ್‌ನಲ್ಲಿ ಬಲಕ್ಕೆ.

ಮ್ಯಾಟ್ ಹೊಡೆದು ಮುಗಿಸಿ ಕೊಟ್ಟಿದ್ದರೆ ಈ ಮಾತೆಲ್ಲ ಬರುತ್ತಿರಲಿಲ್ಲ. ಉಡುಗೊರೆಯ ತಪ್ಪು ಹಿಡಿಯುವವರು ಯಾರು?

ಮುಗಿಸಿದ್ದು

ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ರ ಬೀಳ್ಕೊಡುಗೆ ನಡೆಯಿತು. ಅವತ್ತು ರೈಟರ ಮಿಗ್ ಇನ್ನೂ ಟ್ರಂಕಿನಲ್ಲೇ ಇತ್ತು.

ಕಪ್ಪು ವಾಶ್ ಲ್ಯಾಕರಿನ ಅಡಿಯಲ್ಲಿದ್ದುದರಿಂದ ಒರೆಸುವಂತಿರಲಿಲ್ಲ. ಮೂಲ ಹಸಿರು, ಕಂದುಗಳಿಗೆ ಸ್ವಲ್ಪ ತಿಳಿ ಬೂದು ಬೆರೆಸಿ, ತುಂಬ ತೆಳ್ಳಗೆ ಮಾಡಿಕೊಂಡು ಗೆರೆಗಳ ಮೇಲೆ ಮುಸುಕಿನಷ್ಟು ಬಿಟ್ಟರು. ಗೆರೆ ಹಿಂದೆ ಸರಿಯಿತು. ಬೆನ್ನಿನ ಮೇಲೆ ಅದೇ ಮುಸುಕು ಬಿಸಿಲಿಗೆ ಮಾಸಿದ ಹಾಗೂ ಕಂಡಿತು. ಒಂದೇ ಕೈಯಲ್ಲಿ ಎರಡು ಕೆಲಸ ಆಯಿತು.

ಡೆಕಲ್ ವಿಷಯಕ್ಕೆ ಬಂದರೆ, ಎಡ ರೆಕ್ಕೆಯ ಮೇಲಿನ ವೃತ್ತ ಉಳಿಯುವಂತಿರಲಿಲ್ಲ. ಸೂಜಿಯಲ್ಲಿ ಚುಚ್ಚಿ ದ್ರಾವಣ ಬಿಟ್ಟರೂ ಬೆಳ್ಳಿ ಹೋಗಲಿಲ್ಲ. ಟೇಪಿನಿಂದ ಎಬ್ಬಿಸಿ ತೆಗೆದರು, ಜಾಗವನ್ನು ವಾಟರ್ ಪೇಪರಿನಲ್ಲಿ ಮಟ್ಟ ಮಾಡಿದರು. ಹೊಸ ವೃತ್ತವನ್ನು ಮಾಸ್ಕ್ ಕತ್ತರಿಸಿ ಬಣ್ಣದಲ್ಲೇ ಹೊಡೆದರು. ಮೊದಲು ಬಿಳಿ, ಆಮೇಲೆ ಹೊರಗೆ ಕೇಸರಿ, ನಡುವೆ ಹಸಿರು. ನಮ್ಮ ವಾಯುಸೇನೆಯ ವೃತ್ತದಲ್ಲಿ ಕೇಸರಿ ಹೊರಗಿರುತ್ತದೆ. ಅವಸರದಲ್ಲಿ ಇದನ್ನು ತಿರುವುಮುರುವು ಮಾಡಿದ ಮಾದರಿಗಳನ್ನು ನಾನು ನೋಡಿದ್ದೇನೆ. ಬೆರೆಸಿದ ಕೇಸರಿಗೂ ಡೆಕಲಿನ ಕೇಸರಿಗೂ ಒಂದು ಕೂದಲಷ್ಟು ವ್ಯತ್ಯಾಸ ಬಂತು. ಆಗ ರೈಟರು ಬಲ ರೆಕ್ಕೆಯ ಮೇಲೆ ಚೆನ್ನಾಗಿಯೇ ಇದ್ದ ಡೆಕಲನ್ನೂ ತೆಗೆದು ಅದನ್ನೂ ಬಣ್ಣದಲ್ಲಿ ಹೊಡೆದರು. ಮೇಲಿನಿಂದ ನೋಡುವವರಿಗೆ ಎರಡೂ ಒಟ್ಟಿಗೆ ಕಾಣುತ್ತವೆ, ಅವೆರಡು ಹೊಂದಿದರೆ ಸಾಕು. ಮೈಯ ಪಕ್ಕದಲ್ಲಿರುವ ಡೆಕಲನ್ನು ಮುಟ್ಟಲಿಲ್ಲ. ಧೈರ್ಯದ ಕೆಲಸ, ನಾನಾಗಿದ್ದರೆ ಬಲಗಡೆಯದನ್ನು ಬಿಡುತ್ತಿದ್ದೆ.

ಚಿತ್ತಾ ಮಳೆ ನಡುವೆ ಸಿಕ್ಕ ಒಂದು ಒಣ ಮಧ್ಯಾಹ್ನ, ಉಗ್ರಾಣದಲ್ಲಿ ಮೀಟರು 60ಕ್ಕಿಂತ ಕೆಳಗೆ ತೋರಿಸಿದ ಮೇಲೆ, ಕೊನೆಯ ಮ್ಯಾಟ್ ಬಿತ್ತು. ಮೊದಲು ಒಂದು ಚಮಚಕ್ಕೆ ಹೊಡೆದು, ಅದು ಆರುವ ತನಕ ಕಾದು, ಆಮೇಲೆ ವಿಮಾನಕ್ಕೆ. ದೀಪಾವಳಿಗೆ ಅದು ಹಾಸನ ಸೇರಿತು. ಬೇಲೂರು ದಾಟುವವರೆಗೂ ರೈಟರ ಮಗಳು ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸೂಜಿಯ ಪಿಟೋ ನೆಟ್ಟಗೇ ಇತ್ತು, ಅದರ ತುದಿಯಿಂದ ಕೆಂಪು ಪಟ್ಟಿ ಇಳಿಬಿದ್ದಿತ್ತು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಎಡ ರೆಕ್ಕೆಯ ಸಣ್ಣ ಅಕ್ಷರಗಳಲ್ಲಿ ಕೆಲವು ಟ್ಯೂಬ್‌ಲೈಟಿನಡಿ ಓರೆಯಾಗಿ ನೋಡಿದರೆ ಈಗಲೂ ಮಿಣುಕುತ್ತವೆ. ಎರಡೆರಡು ಸಲ ಬಿದ್ದ ಪದರಗಳಿಂದ ಮೇಲ್ಭಾಗದ ಗೆರೆಗಳು ಅಡಿಭಾಗಕ್ಕಿಂತ ಮೊಂಡಾಗಿವೆ. ಇದನ್ನು ರೈಟರೇ ತೋರಿಸಿದ್ದು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಈ ಅನುಭವದಿಂದ ಅವರು ಕೆಲಸದ ಕ್ರಮವನ್ನೇ ಬದಲಿಸಿಕೊಂಡಿದ್ದಾರೆ. ಕತ್ತರಿಸುವುದು, ಅಂಟಿಸುವುದು, ಪುಟ್ಟಿ, ಉಜ್ಜುವುದು, ಬ್ರಶ್ಶಿನಲ್ಲಿ ಕಾಕ್‌ಪಿಟ್ ಬಣ್ಣ, ಇದೆಲ್ಲ ಮಳೆಗಾಲಕ್ಕೆ. ಇವಕ್ಕೆ ತೇವ ಅಡ್ಡಿಯಿಲ್ಲ. ಏರ್‌ಬ್ರಶ್ ಹಿಡಿಯುವ ಕೆಲಸ, ಅದರಲ್ಲೂ ಲ್ಯಾಕರ್, ದಸರಾ ಕಳೆದು ಕೊಯ್ಲು ಶುರುವಾಗುವುದರೊಳಗೆ, ಇಲ್ಲವೇ ಕೊಯ್ಲು ಮುಗಿದ ಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ. ಡೆಕಲ್ ಹಾಳೆಗಳು ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿ ಇರುತ್ತವೆ. ಪ್ರತಿ ಮಾದರಿಯ ಜೊತೆಗೂ ಒಂದು ಚಮಚ ಅದೇ ಪದರಗಳನ್ನು ಹೊತ್ತು ಬೆಳೆಯುತ್ತದೆ. ಏನೇ ಹೊಸದು ಹೊಡೆಯುವುದಿದ್ದರೂ ಮೊದಲು ಅದಕ್ಕೆ.

ಮುಂದಿನದು ಮಿರಾಜ್ 2000. ಕ್ಲಿಯರ್ ಕೋಟನ್ನು ಹಾಸನದಲ್ಲಿ ಭಾವನ ಮನೆಯ ತಾರಸಿ ಕೋಣೆಯಲ್ಲಿ ಹೊಡೆಯುವುದು ಅಂತ ಮಾತಾಗಿದೆ. ಗೆರೆಗಳಿಗೆ ವಾಶ್ ಕೊಡಬೇಕಾ ಬೇಡವಾ ಅನ್ನುವುದು ಮಾತ್ರ ಭಾವ, ಭಾವಮೈದುನರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.